ಒಳಗೆ ಜಾಗ ಇದೆ

ನಲುಗಿದ ಹೂವು, ಕರ್ಪೂರ, ಬೆವರಿಗೆ ಒದ್ದೆಯಾದ ಹೊಸ ಬಟ್ಟೆ. ಮೂರೂ ಬೆರೆತ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ಕಂಡಕ್ಟರಮ್ಮನ ಕೈಯ ಸೌಟು ನಿಂತಿತು. ಏಳು ವರ್ಷದವರಿದ್ದಾಗ ಇಂಥದೇ ಒಂದು ದೇವಸ್ಥಾನದ ಉತ್ಸವದಲ್ಲಿ ದೊಡ್ಡವರ ಸೊಂಟಗಳ ನಡುವೆ ಸಿಕ್ಕಿಕೊಂಡಿದ್ದರು. ಉಸಿರೆಳೆದರೆ ಗಾಳಿಯಿಲ್ಲ, ಬರೀ ಈ ವಾಸನೆ. ಯಾರೋ ರಟ್ಟೆ ಹಿಡಿದು ಎಳೆದು ಉಳಿಸಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಸೌಟು ಬಿಟ್ಟು ಬೀದಿ ಬಾಗಿಲಿಗೆ ಓಡಿದರು. ಎದುರಿಗೆ ದೇವಸ್ಥಾನದ ಎತ್ತರದ ಗೋಡೆ, ಈಚೆಗೆ ಒತ್ತೊತ್ತಾಗಿ ಮನೆಗಳು, ನಡುವೆ ಎರಡು ಕೈ ಚಾಚಿದರೆ ಮುಗಿದುಹೋಗುವ ಓಣಿ. ದರ್ಶನ ಮುಗಿಸಿ ಹೊರಟವರೂ ದರ್ಶನಕ್ಕೆ ಬಂದವರೂ ಸರಿಯಾಗಿ ಅವರ ಮನೆ ಮುಂದೆಯೇ ಎದುರುಬದುರಾಗಿ ಸಿಕ್ಕಿಬಿದ್ದಿದ್ದರು. ಯಾರಿಗೂ ಮುಂದಕ್ಕೆ ಹೋಗಲಾಗದು, ಹಿಂದಕ್ಕೂ ಆಗದು. ಒಬ್ಬಳು ತುಂಬು ಬಸುರಿ ಬಾಗಿಲ ಪಕ್ಕದ ಗೋಡೆಗೆ ಎರಡೂ ಅಂಗೈ ಊರಿ, ಹೊಟ್ಟೆಗೆ ಒತ್ತು ಬೀಳದಂತೆ ಜನರಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಟಿಕೆಟ್ ಹರಿದು ನಿವೃತ್ತರಾಗಿದ್ದ ಯಜಮಾನರು ಆಗಲೇ ಜಗಲಿ ಏರಿ, ಜನರನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

"ಇದನ್ನ ಬಿಡಿಸೋಕೆ ಒಂದೇ ದಾರಿ ಕಣೇ. ಹತ್ತೋರಿಗೊಂದು ಬಾಗಿಲು, ಇಳಿಯೋರಿಗೊಂದು. ದರ್ಶನ ಮುಗಿಸಿ ಇಳಿಯೋರನ್ನ ನಮ್ಮನೆ ಒಳಗಿಂದ ಹಿಂದಿನ ರಸ್ತೆಗೆ ಬಿಟ್ಬಿಡೋಣ."

"ಹಿಂದಿನ ಬಾಗಿಲಿರೋದು ಅಡುಗೆಮನೇಲಿ ರೀ."

"ಅದಕ್ಕೇ ನಿನ್ನ ಕೇಳ್ತಿರೋದು."

ಆ ಅಡುಗೆಮನೆಯೊಳಗೆ ಕಂಡಕ್ಟರಮ್ಮ ಸ್ವಂತ ಓರಗಿತ್ತಿಯನ್ನೂ ಬಿಟ್ಟುಕೊಂಡವರಲ್ಲ. ತಮ್ಮ ಒಲೆಗೆ ಇನ್ನೊಬ್ಬರ ಕೈ ತಗುಲಿದರೆ ಎರಡು ದಿನ ಊಟ ರುಚಿಸುತ್ತಿರಲಿಲ್ಲ. ಮದುವೆಯಾಗಿ ಹೋದ ಮಗಳು ಬಂದಾಗಲೆಲ್ಲ, "ಅಮ್ಮಾ, ನಿನ್ನ ರಾಜ್ಯಕ್ಕೆ ಬರೋಕೆ ವೀಸಾ ಬೇಕಾ?" ಎಂದು ಹಂಗಿಸುತ್ತಿದ್ದಳು. ಈಗ ನೋಡಿದರೆ ಕಂಡು ಕೇಳರಿಯದ ನೂರಾರು ಜನ!

ಗೋಡೆಗೆ ಊರಿದ್ದ ಬಸುರಿಯ ಮೊಣಕೈ ಮಡಚಿಕೊಂಡಿತು.

"ನೀವು ಸೀಟಿ ಹೊಡೀರಿ," ಎಂದವರೇ ಕಂಡಕ್ಟರಮ್ಮ ಬೀದಿ ಬಾಗಿಲಿನ ಎರಡೂ ಕದ ತೆರೆದು, ಕೈ ಚಾಚಿ ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡರು.

ಯಜಮಾನರು ಎರಡು ಬೆರಳು ಬಾಯಿಗಿಟ್ಟರು. ಕಿವಿ ಹರಿಯುವಂಥ ಸೀಟಿ. "ಹೋಲ್ಡಾನ್! ಹತ್ತೋರು ಅಲ್ಲೇ ನಿಲ್ಲಿ! ಮೊದಲು ಇಳಿಯೋರಿಗೆ ದಾರಿ ಬಿಡಿ! ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ! ಕಂಬಿ ಹಿಡ್ಕೊಂಡು ನಿಲ್ಬೇಡಿ!"

"ಕಂಬಿ ಎಲ್ಲಿದೆ ಸ್ವಾಮೀ?" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಅಷ್ಟು ಹೊತ್ತು ಚೀರಾಡುತ್ತಿದ್ದ ಓಣಿ ಘೊಳ್ಳೆಂದು ನಕ್ಕಿತು. ನಕ್ಕದ್ದೇ ಒತ್ತಡ ಒಂದಿಷ್ಟು ಸಡಿಲವಾಯಿತು. ಓಣಿಯಾಚೆ ಕೂಗುತ್ತಿದ್ದ ಪೊಲೀಸರ ಮೈಕಿಗೆ ಜಗ್ಗದವರು, ಹುಟ್ಟಿದಾಗಿನಿಂದ ಕೇಳಿ ಒಗ್ಗಿಹೋದ ಆ ಕಂಡಕ್ಟರ್ ದನಿಗೆ ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದರು.

ಕಂಡಕ್ಟರಮ್ಮ ಹೊಸ್ತಿಲು ಬಿಟ್ಟು ಕದಲುವ ಹಾಗಿರಲಿಲ್ಲ. ಕದಲಿದರೆ ಎರಡೂ ಕಡೆಯವರು ಒಳಗೇ ನುಗ್ಗುತ್ತಾರೆ. ಒಬ್ಬೊಬ್ಬರನ್ನೇ ಕೈ ಹಿಡಿದು ಒಳಗೆ ಬಿಡುತ್ತಿರುವಾಗ ಅಡುಗೆಮನೆಯಿಂದ ಬಾಯಿಂದ ಬಾಯಿಗೆ ಸುದ್ದಿ ಬಂತು. "ಅಮ್ಮಾ, ಒಲೆ ಮೇಲೆ ಬೇಳೆ ಉಕ್ಕಿ ಬರ್ತಿದೆಯಂತೆ!"

ಕಂಡಕ್ಟರಮ್ಮ ಹೊಸ್ತಿಲು ನೋಡಿದರು, ಒಳಗೆ ನೋಡಿದರು. "ಉರಿ ಸಣ್ಣ ಮಾಡೋಕೆ ಹೇಳಿ!"

ಮಾತು ಸಾಲಿನುದ್ದಕ್ಕೂ ಹೋಯಿತು, ಉತ್ತರ ತಿರುಗಿ ಬಂತು. "ಮಾಡಿದ್ರಂತೆ! ಉಪ್ಪು ಹಾಕಿದೀರಾ ಅಂತ ಕೇಳ್ತಿದಾರೆ!"

ಕಂಡಕ್ಟರಮ್ಮ ಇನ್ನೊಬ್ಬರ ಕೈ ಹಿಡಿದು ಒಳಗೆ ಬಿಟ್ಟರು. "ಇಲ್ಲ. ಎರಡು ಚಮಚ. ನೀಲಿ ಮುಚ್ಚಳದ ಡಬ್ಬಿ."

"ಒಂದೂವರೆ ಸಾಕು ಅಂತಿದಾರೆ, ಯಾರೋ ಅಜ್ಜಿ!"

"ಅಜ್ಜಿಗೆ ಹೇಳಿ, ಒಲೆ ನಂದು, ಎರಡು!"

ನಡುಮನೆಯಲ್ಲಿದ್ದವರೆಲ್ಲ ನಕ್ಕರು. ಜಗಲಿಯಿಂದ ಯಜಮಾನರು ಗದರಿದರು, "ಅಲ್ಲಿ ನಿಂತು ರುಚಿ ನೋಡ್ಬೇಡಿ, ಮುಂದೆ ಹೋಗಿ!"

ಮುಕ್ಕಾಲು ಗಂಟೆ ಹೀಗೇ ನಡೆಯಿತು. ಹೊರಡುವವರು ಮನೆಯೊಳಗಿಂದ, ಬರುವವರು ಓಣಿಯಲ್ಲಿ. ಆಮೇಲೆ ಒಮ್ಮೆ ಕಂಡಕ್ಟರಮ್ಮ ಕೈ ಚಾಚಿದಾಗ ಹಿಡಿಯಲು ಯಾರೂ ಇರಲಿಲ್ಲ. ಓಣಿಯಲ್ಲಿ ಜನ ಆರಾಮಾಗಿ ನಡೆದು ಹೋಗುತ್ತಿದ್ದರು. ಯಜಮಾನರು ಗಂಟಲು ಕಟ್ಟಿ, ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಕೈಸನ್ನೆಯಲ್ಲೇ "ರೈಟ್" ಎಂದರು. ಮುಖಕ್ಕೆ ಹತ್ತು ವರ್ಷ ಕಡಿಮೆಯಾಗಿತ್ತು.

ಒಳಗೆ ನಡುಮನೆಯ ತುಂಬ ಹೆಜ್ಜೆಗಳು, ಎಸಳುಗಳು, ಯಾರದೋ ಒಂಟಿ ಬಳೆ. ಕಂಡಕ್ಟರಮ್ಮ ಎದೆ ಗಟ್ಟಿ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಲೆ ಆರಿತ್ತು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿತ್ತು. ಹೆಚ್ಚದೆ ಬಿಟ್ಟು ಹೋಗಿದ್ದ ಬೀನ್ಸು ಬೆಂದು ಹಬೆಯಾಡುತ್ತಿತ್ತು. ಒಂದು ಹೋಳು ಬೆರಳುದ್ದ, ಒಂದು ಉಗುರಿನಷ್ಟು, ಒಂದು ಓರೆ. ಸಾಲು ನಿಂತಾಗಲೆಲ್ಲ ಒಲೆಯ ಪಕ್ಕ ಇದ್ದವರು ನಾಲ್ಕು ನಾಲ್ಕು ಹೆಚ್ಚಿ, ಚಾಕುವನ್ನು ಹಿಂದಿನವರ ಕೈಗೆ ಕೊಟ್ಟು ಹೋಗಿದ್ದರು.

ಸಾಲಿನ ಕೊನೆಯ ಹೆಂಗಸು ಇನ್ನೂ ಒಲೆಯ ಮುಂದೆ ಇದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಸೌಟು. ಇವರನ್ನು ಕಂಡು ತಟ್ಟೆಗೆ ಅನ್ನ ಹಾಕಿ, ಬೇಳೆ ಸುರಿದು, ಪಕ್ಕಕ್ಕೆ ಬೀನ್ಸು ಬಡಿಸಿದಳು. ತಮ್ಮದೇ ಅಡುಗೆಮನೆಯ ಹೊಸ್ತಿಲಾಚೆ ನೆಂಟರಂತೆ ನಿಂತಿದ್ದ ಕಂಡಕ್ಟರಮ್ಮ ಎರಡೂ ಕೈ ಚಾಚಿದರು. ಅವಳು ತಟ್ಟೆಯನ್ನು ಅವರ ಕೈಗಿಟ್ಟಳು.