‘ಚಂದ್ರನ ಮೊಲ’ ಆಡಿದವಳು

ಈ ಕ್ಯಾಸೆಟ್ಟಿನಲ್ಲೂ ಬರೀ ಗೊರಗೊರ ಸದ್ದು.

ಯೊನ್‌ಜು ಟೇಪ್ ರೆಕಾರ್ಡರಿನ ಗುಂಡಿಯನ್ನು ಗುದ್ದಿ ನಿಲ್ಲಿಸಿದಳು. ಟಿವಿಯ ನೀಲಿ ಪರದೆ ಖಾಲಿ. ಕ್ಯಾಸೆಟ್ಟಿನ ಡಬ್ಬವನ್ನು ಬುಸಾನಿನ ಹಳೆಸಾಮಾನಿನ ಅಂಗಡಿಯಿಂದ ತರಿಸಿದ್ದಳು. ಮೇಲೆ ಒನಕೆ ಹಿಡಿದು ಒರಳ ಮುಂದೆ ನಿಂತ ಮೊಲ, ಹಿಂದೆ ಹುಣ್ಣಿಮೆ ಚಂದ್ರ.

“ಇದೂ ಹಾಳಾಗಿದೆ. ಬೂಷ್ಟು ಹಿಡಿದಿರ್ಬೇಕು,” ಎಂದಳು.

ಪಕ್ಕದಲ್ಲಿದ್ದ ಸಾಂಗ್‌ಗ್ಯು ಕಾಫಿ ಲೋಟ ಕೆಳಗಿಟ್ಟ. ಕ್ಯಾಸೆಟ್ಟಿನಿಂದ ಆಟ ಲೋಡ್ ಮಾಡಿಕೊಳ್ಳುತ್ತಿದ್ದ ಎಂಬತ್ತರ ದಶಕದ ಮನೆ ಕಂಪ್ಯೂಟರುಗಳಿಗೆಂದು ಕೊರಿಯಾದಲ್ಲೇ ತಯಾರಾಗಿ, ಈಗ ಜನ ಮರೆತುಬಿಟ್ಟ ಆಟಗಳನ್ನು ಹುಡುಕಿ ದಾಖಲಿಸುವ ಸಣ್ಣ ಗುಂಪು ಅವರದು. ಸಿಯೋಲ್‌ನ ಸೆಉನ್ ಮಾರುಕಟ್ಟೆಯ ಮಹಡಿಯಲ್ಲಿ ಒಂದು ಕೋಣೆ, ಒಂದಷ್ಟು ಹಳೆಯ ಯಂತ್ರಗಳು.

“ಬೇಜಾರು ಮಾಡ್ಕೋಬೇಡಿ ಯೊನ್‌ಜು ಅವ್ರೆ. ‘ಚಂದ್ರನ ಮೊಲ’ ಕೊಂಡೋರು ಎಷ್ಟೋ ಜನ ಸಿಕ್ಕಿದ್ರು. ಎಲ್ಲರದ್ದೂ ಒಂದೇ ಮಾತು, ಲೋಡೇ ಆಗ್ಲಿಲ್ಲ ಅಂತ. ಆಡಿದೀನಿ ಅನ್ನೋರು ನೀವೊಬ್ರೇ.”

“ಅಂದ್ರೆ, ನಾನು ಸುಳ್ಳು ಹೇಳ್ತಿದೀನಾ?”

“ಹಾಗಂದ್ನಾ? ಚಿಕ್ಕೋರಿದ್ದಾಗ ಕಂಡ ಕನಸೂ ಆಮೇಲೆ ನಿಜ ಅನ್ಸುತ್ತೆ. ಪುರಾವೆ ಇಲ್ದೆ ನಮ್ಮ ಪಟ್ಟೀಲಿ ಹೇಗೆ ಇಟ್ಕೊಳ್ಳೋದು? ತೆಗೆದ್ಬಿಡೋಣ.”

ಕನಸಂತೆ! ಯೊನ್‌ಜುಗೆ ಮೈ ಉರಿಯಿತು. ಆಗ ಎರಡನೇ ತರಗತಿಯಲ್ಲಿದ್ದಳು. ಮೇ ತಿಂಗಳಲ್ಲಿ ಬರುವ ಮಕ್ಕಳ ದಿನಕ್ಕೆ ಅಪ್ಪ ಆ ಕ್ಯಾಸೆಟ್ ತಂದಿದ್ದರು. ಅಣ್ಣ ಇನ್‌ಸೊಪ್ ಅದನ್ನು ಕಿತ್ತುಕೊಂಡು ಕಂಪ್ಯೂಟರಿದ್ದ ಕೋಣೆ ಸೇರಿದವನು, ಅವಳನ್ನು ಹತ್ತಿರಕ್ಕೂ ಬಿಟ್ಟಿರಲಿಲ್ಲ. ಇವತ್ತು ಟೇಪ್ ರೆಕಾರ್ಡರಿನ ಹೆಡ್ಡು ಕೊಳೆಯಾಗಿದೆ ಅಂತ ಒಂದು ದಿನ, ವೈರು ಸರಿಯಿಲ್ಲ ಅಂತ ಇನ್ನೊಂದು ದಿನ. ಅತ್ತಳು, ಬಾಗಿಲು ಒದ್ದಳು. ಅವನು ಆಡಿ ಆಡಿ ಸಾಕಾದ ಮೇಲೆಯೇ ಅವಳ ಸರದಿ ಬಂದದ್ದು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಆದರೆ ಆಟ! ಮೊಲ ಅಕ್ಕಿ ಕುಟ್ಟುತ್ತ ಮೋಡದಿಂದ ಮೋಡಕ್ಕೆ ಹಾರುತ್ತದೆ. ಕೊನೆಯಲ್ಲಿ ಹಿಟ್ಟಿನ ಕಡುಬನ್ನು ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಮೊಲಕ್ಕೆ ಕೊಡುತ್ತದೆ. ಅಷ್ಟು ಚೆಂದದ ಆಟ ಬರೆದವರ ಹೆಸರು ಹುಡುಕಲೆಂದೇ ಅವಳು ಈ ಗುಂಪು ಸೇರಿದ್ದಳು.

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದಳು. ಸುವೊನ್‌ನಲ್ಲಿ ಅವನದು ಕೋಳಿ ಕರಿಯುವ ಅಂಗಡಿ.

“ಅಣ್ಣಾ, ಆ ಮೊಲದಾಟ ಲೋಡ್ ಮಾಡಿದ್ದು ನೀನೇ ತಾನೇ? ಹೇಗೆ ಮಾಡ್ದೆ?”

“ಮತ್ತೆ ಶುರು ಮಾಡಿದ್ಯಾ? ಮರ್ತೋಯ್ತು ಕಣೇ.”

“ನಮ್ಮ ಕ್ಯಾಸೆಟ್ ಎಲ್ಲಿ?”

“ಮನೆ ಬದಲಾಯಿಸಿದಾಗ ಕಳ್ದೋಯ್ತು ಅಂತ ಎಷ್ಟು ಸಲ ಹೇಳ್ಲಿ? ಎಣ್ಣೆ ಕಾದಿದೆ, ಇಡ್ತೀನಿ.”

ಇಟ್ಟೇಬಿಟ್ಟ.

ಡಬ್ಬದ ಹಿಂಬದಿಯಲ್ಲಿ ಹೆಸರಿದ್ದ ಕಂಪನಿ ಎಂದೋ ಮುಚ್ಚಿತ್ತು. ಯೊನ್‌ಜು ಛಲ ಬಿಡಲಿಲ್ಲ. ಯಾರ್ಯಾರನ್ನೋ ಕಾಡಿ ಅದರ ಮಾಲೀಕ ಕುಕ್ ತೆಬೊಂಗ್ ಎಲ್ಲಿದ್ದಾರೆಂದು ಪತ್ತೆ ಮಾಡಿದಳು. ಇಂಚನ್‌ನ ಉದ್ಯಾನದಲ್ಲಿ ಮುದುಕರ ಜೊತೆ ಚದುರಂಗ ಆಡುತ್ತ ಕೂತಿದ್ದರು. ಆಟದ ಹೆಸರು ಹೇಳಿದ್ದೇ ತಡ, ಮುಖ ಸಿಂಡರಿಸಿದರು.

“ನಂಗೇನೂ ಗೊತ್ತಿಲ್ಲ. ಹೋಗಮ್ಮ.”

“ಬರೆದೋರ ಹೆಸರು ಒಂದು ಹೇಳಿ ಯಜಮಾನ್ರೆ, ಹೋಗ್ತೀನಿ.”

“ಬರೆದೋರು ಯಾರೂ ಇಲ್ಲ.”

“ಇಲ್ಲ ಅಂದ್ರೆ? ಆಟ ತಾನಾಗೇ ಹುಟ್ತಾ?”

ಮುದುಕ ಎದ್ದು ಅವಳನ್ನು ಮರದ ಕೆಳಗೆ ಕರೆದೊಯ್ದರು. ದನಿ ತಗ್ಗಿತು.

“ಆಟಾನೇ ಇರ್ಲಿಲ್ಲ ಕಣಮ್ಮ. ಬರೀತೀನಿ ಅಂದಿದ್ದ ಹುಡುಗ ಕೈಕೊಟ್ಟು ಹೋದ. ಡಬ್ಬ ಎಲ್ಲಾ ಅಚ್ಚಾಗಿತ್ತು, ಮಕ್ಕಳ ದಿನ ಎದುರಿಗಿತ್ತು. ಖಾಲಿ ಟೇಪು ತುಂಬಿ ಮಾರ್ದೆ. ಜನ ಬಂದು ಜಗಳ ಆಡ್ತಾರೆ ಅಂತ ಹೆದ್ರಿದ್ದೆ. ಒಬ್ರೂ ಬರ್ಲಿಲ್ಲ. ತಮ್ಮ ಯಂತ್ರಾನೇ ಕೆಟ್ಟಿದೆ ಅಂದ್ಕೊಂಡ್ರು, ಪಾಪ.”

“ಸುಳ್ಳು!” ಯೊನ್‌ಜುವಿನ ದನಿಗೆ ಚದುರಂಗದ ಮುದುಕರೆಲ್ಲ ತಿರುಗಿ ನೋಡಿದರು. “ನಾನು ಆಡಿದೀನಿ. ಕೊನೇವರೆಗೂ.”

“ಇಲ್ಲಮ್ಮ. ನನ್ನ ಮಾನ ನಾನೇ ಕಳ್ಕೊಂಡು ಸುಳ್ಳು ಹೇಳ್ಲಾ?”

ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಅವಳು ನಿಲ್ದಾಣದತ್ತ ನಡೆದಳು.

ರೈಲಿನಲ್ಲಿ ಕೂತು ಸಾಂಗ್‌ಗ್ಯುಗೆ ಸಂದೇಶ ಕಳಿಸಿದಳು: ‘ತೆಗೆದುಹಾಕಿ. ನನ್ನದೇ ತಪ್ಪು.’ ಕಳಿಸಿದ ಮೇಲೆ ತನ್ನ ತಲೆಯ ಮೇಲೇ ನಂಬಿಕೆ ಹೋಯಿತು. ಮೋಡ, ಕಡುಬು, ಪುಟ್ಟ ಮೊಲ ಎಲ್ಲ ತಾನೇ ಕಟ್ಟಿಕೊಂಡದ್ದಾದರೆ, ಆ ವಯಸ್ಸಿನ ಇನ್ನೆಷ್ಟು ನೆನಪುಗಳು ಪೊಳ್ಳು? ಅಪ್ಪನ ನಗು? ಅದೂ ಕಟ್ಟಿದ್ದೇ? ಯಾರನ್ನಾದರೂ ಬೈಯದೆ ಸಮಾಧಾನವಾಗುವಂತಿರಲಿಲ್ಲ. ಬೈಸಿಕೊಳ್ಳಲು ಇದ್ದವನು ಒಬ್ಬನೇ. ಸುವೊನ್‌ನಲ್ಲಿ ಇಳಿದಳು.

ಇನ್‌ಸೊಪ್ ಕೋಳಿ ತುಂಡುಗಳಿಗೆ ಹಿಟ್ಟು ಬಳಿಯುತ್ತಿದ್ದ.

“ಇಷ್ಟು ವರ್ಷ ನನ್ನ ಕುಣಿಯೋಕೆ ಬಿಟ್ಟು ಮಜಾ ನೋಡಿದ್ಯಲ್ಲ!” ಬಾಗಿಲಲ್ಲೇ ಶುರು ಮಾಡಿದಳು. “ಅಂಥ ಆಟ ನಾವು ಆಡೇ ಇಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?”

“ಆಡಿದ್ವಲ್ಲ.”

“ಎಲ್ಲಿ ಆಡಿದ್ವಿ? ಮಾಲೀಕನೇ ಬಾಯ್ಬಿಟ್ಟ. ಅಪ್ಪ ತಂದ ಟೇಪಲ್ಲಿ ಏನೂ ಇರ್ಲಿಲ್ಲ!”

ಅವನ ಕೈ ನಿಂತಿತು. ತಲೆ ಮಾತ್ರ ಎತ್ತಲಿಲ್ಲ.

“ಗೊತ್ತು,” ಎಂದ. “ಅಪ್ಪ ಅಷ್ಟು ಆಸೆಯಿಂದ ತಂದಿದ್ರು, ಖಾಲಿ ಅಂತ ಹೇಗೆ ಹೇಳ್ಲಿ? ಆಟ ಬರೆಯೋದು ಹೇಗೆ ಅಂತ ನಾನು ಕಲಿಯೋಷ್ಟರಲ್ಲೇ ಮಳೆಗಾಲ ಬಂದ್ಬಿಡ್ತು.”