ಹೊಸ್ತಿಲ ಮೇಲಿಟ್ಟ ಹೆಪ್ಪು

ಅವತ್ತು ಬೆಳಗ್ಗೆ ಬಿಸಿಲು ಬಿದ್ದಿತ್ತು... ತಾನೇನೂ ಮಾಡಿಲ್ಲ ಎನ್ನುವ ಹಾಗೆ.

ಕೆಲವೇ ವಾರಗಳ ಹಿಂದೆ ಇದೇ ಆಕಾಶ ಹರಿದು ಸುರಿದಿತ್ತು. ಹೊಳೆ ಊರೊಳಗೆ ನುಗ್ಗಿ, ಕೆಳಗಿನ ಓಣಿಯನ್ನೆಲ್ಲ ಬಾಚಿಕೊಂಡು ಹೋಗಿತ್ತು.

ತಂಗೆವ್ವ ಕುಸಿದ ಗೋಡೆಗೆ ಒರಗಿ ನಿಂತು ಸೂರ್ಯನನ್ನೇ ಬೈದಳು. "ಈಗ ಬಂದ್ಯಾ, ಮಾರಿ ತೊಳಕೊಂಡು?"

ತಂಗೆವ್ವ ಮೊಸರು ಮಾರುವಾಕೆ. ಅವಳ ಗಡಿಗೆ ಬೋರಲು ಹಾಕಿದರೂ ಮೊಸರು ಕೆಳಗೆ ಬೀಳುತ್ತಿರಲಿಲ್ಲ. ಹೈವೇ ಮೇಲಿನ ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಅದೇ ಮೊಸರು.

ಗುಟ್ಟೆಲ್ಲ ಹೆಪ್ಪಿನಲ್ಲಿತ್ತು... ಅತ್ತೆ ಕೊಟ್ಟ ಹೆಪ್ಪು. ಅತ್ತೆಗೆ ಅವಳ ಅತ್ತೆ ಕೊಟ್ಟದ್ದು.

ಇವತ್ತಿನ ಮೊಸರಿನಲ್ಲಿ ಒಂದು ಚಮಚ ತೆಗೆದಿಟ್ಟು ನಾಳೆಯ ಹಾಲಿಗೆ ಹಾಕುವುದು. ತಲೆಮಾರುಗಳಿಂದ ಆ ಸರಪಳಿ ಕಡಿದಿರಲಿಲ್ಲ.

ನೀರು ಬಂದಾಗ ಹಗ್ಗ ಕೊಯ್ದು ಬಿಟ್ಟದ್ದಕ್ಕೆ ಎಮ್ಮೆ ಉಳಿಯಿತು. ಹೆಪ್ಪಿನ ಗಡಿಗೆ ಉಳಿಯಲಿಲ್ಲ.

ಪರಿಹಾರ ಹಂಚಲು ಬಂದವರು ಪ್ಯಾಕೆಟ್ ಮೊಸರು ಕೈಗಿಟ್ಟು ಫೋಟೋ ತೆಗೆಸಿಕೊಂಡರು. "ಸ್ವಲ್ಪ ನಗಿ ಅಮ್ಮಾ" ಎಂದರು.

"ನಿಮ್ಮ ಮನಿ ಹೋದಾಗ ಹೇಳಿ ಕಳಸ್ರಿ... ಆವಾಗ ಇಬ್ಬರೂ ಕೂಡಿ ನಗೂಣು!"

ಆ ಪ್ಯಾಕೆಟ್ಟಿನದೇ ಹೆಪ್ಪು ಹಾಕಿ ನೋಡಿದಳು. ಲೋಳೆಯಾಯಿತು. ಪಕ್ಕದೂರಿನಿಂದ ತಂದ ಹೆಪ್ಪು ಹಾಕಿದಳು. ಹುಳಿ ನೀರಾಯಿತು.

ಖಾನಾವಳಿಯ ಈರಪ್ಪಯ್ಯ ಅದನ್ನು ಚಮಚದಲ್ಲಿ ಎತ್ತಿ ಹರಿಸಿ ತೋರಿಸಿದ. "ತಂಗೆವ್ವಾ, ತಾಟಿನ್ಯಾಗ ಹಾಕಿದ್ರ ಇನ್ನೊಂದು ಹೊಳಿ ಬಂದಂಗ ಆಗತೈತಿ! ಸೋಮವಾರದ ಸಂತಿತನಕ ನೋಡತೀನಿ... ಇಲ್ಲಂದ್ರ ಡೇರಿ ಮಸರ ತರಸೂದ."

ಖಾನಾವಳಿ ಹೋದರೆ ಎಮ್ಮೆ ಮಾರಬೇಕು. ಎಮ್ಮೆ ಹೋದರೆ... ಮುಂದೆ ಯೋಚಿಸಲು ಏನೂ ಇರಲಿಲ್ಲ.

ಅವಳು ಎಲ್ಲಮ್ಮನ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು. "ಒಂದು ಚಮಚ ಹೆಪ್ಪು ಕಾಯಲಾರದಾಕಿಗೆ ದೀಪ ಬ್ಯಾರೆ ಕೇಡು!"

ದೇವರೊಡನೆ ಜಗಳವಾಡುವವರು ದೇವರಿಗೆ ದೂರದವರಲ್ಲ ಎನ್ನುತ್ತಾರೆ ಹಿರಿಯರು...

ಅಷ್ಟರಲ್ಲಿ ನೆರೆಮನೆಯಾಕೆ ಬೆಂಕಿಗೆ ಎಣ್ಣೆ ಸುರಿದಳು. "ಹೆಪ್ಪುಗಳ್ಳಿ ಖಾನಾವಳಿಗೆ ಹೋಗಿದ್ದಳವ್ವಾ! ಬಗಲಾಗ ಗಡಿಗೀನೂ ಇತ್ತು."

ಹೆಪ್ಪುಗಳ್ಳಿ ಎಂದರೆ ಗುಡ್ಡದ ಮೇಲಿನ ಓಣಿಯ ರಾಚವ್ವ. ಗಂಡ ತೀರಿದ ವರ್ಷ ತಂಗೆವ್ವನ ಬಾಗಿಲಿಗೆ ಬಂದು ಒಂದು ಚಮಚ ಹೆಪ್ಪು ಕೇಳಿದ್ದಳು.

"ಹೆಪ್ಪು ಕೊಟ್ರ ಕಸಬ ಕೊಟ್ಟಂಗ. ಈ ಬಾಗಲಿಗೆ ಮತ್ತ ಬರಬ್ಯಾಡ!" ಎಂದು ತಂಗೆವ್ವ ಕದ ಹಾಕಿಕೊಂಡಿದ್ದಳು.

ಆದರೂ ರಾಚವ್ವನ ಮೊಸರು ಅದೇ ಗಟ್ಟಿ, ಅದೇ ರುಚಿ! ಕದ್ದಿದ್ದಾಳೆ ಎಂದು ತಂಗೆವ್ವ ಊರೆಲ್ಲ ಸಾರಿದಳು. ಹೆಸರು ಅಂಟಿಕೊಂಡಿತು. ರಾಚವ್ವ ದೂರದ ಊರುಗಳಲ್ಲಿ ಮಾರಿಕೊಂಡು ಬದುಕಿದಳು.

ಅವಳ ಮನೆ ಎತ್ತರದಲ್ಲಿತ್ತು. ನೀರು ಮುಟ್ಟಿರಲಿಲ್ಲ.

"ಕಳ್ಳಿ ಮನಿ ಉಳೀತು, ನನ್ನ ಮನಿ ಹೋತು... ಈಗ ಗಿರಾಕೀನೂ ಬೇಕಾತೇನು!" ತಂಗೆವ್ವ ಸೆರಗು ಕಟ್ಟಿ, ಖಾಲಿ ಗಡಿಗೆ ಬಗಲಲ್ಲಿಟ್ಟುಕೊಂಡೇ ಗುಡ್ಡ ಹತ್ತಿದಳು.

"ಹೊರಗ ಬಾರ ಕಳ್ಳಿ! ಹೊಳಿ ಬಿಟ್ಟಿದ್ದನ್ನ ನೀ ಬಳಕೊಂಡ ಹೋಗಾಕ ನಿಂತೀ ಏನು?"

ರಾಚವ್ವ ಹೊರಗೆ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು.

"ಈರಪ್ಪಯ್ಯ ಕರದಿದ್ದ. 'ತಂಗೆವ್ವನ ಗಿರಾಕಿ ನನಗ ಬ್ಯಾಡ' ಅಂತ ಹೇಳಿ ಬಂದೀನಿ. ಹೋಗಿ ಕೇಳ!"

ರಾಚವ್ವ ಅಷ್ಟಕ್ಕೇ ನಿಲ್ಲಲಿಲ್ಲ... ಅದು ವರ್ಷಗಟ್ಟಲೆ ನುಂಗಿದ ಸಿಟ್ಟು.

"ನಿನ್ನ ಮಸರ ಸಂತ್ಯಾಗ ರೊಕ್ಕಾ ಕೊಟ್ಟ ಕೊಂಡಿದ್ದೆ. ಅದರಾಗ ಒಂದು ಚಮಚ ಉಣ್ಣದ ಇಟಗೊಂಡೆ. ಇದು ಕಳ್ಳತನ ಏನು? ನನ್ನ ಮಗಳನ್ನ ನೋಡಾಕ ಬಂದ ಬೀಗರು ದಾರಿ ಕೇಳಿದ್ರ ಊರವರು 'ಹೆಪ್ಪುಗಳ್ಳಿ ಮನಿ ಏನು' ಅಂದ್ರಂತ... ಅರ್ಧ ದಾರಿಯಿಂದನ ಹೊಳ್ಳಿ ಹೋದ್ರು!"

ಮೊಸರು ಕೊಂಡವರೆಲ್ಲ ಹೆಪ್ಪನ್ನೂ ಕೊಂಡಿದ್ದರು... ಇಷ್ಟು ವರ್ಷ ಅದನ್ನು ಕಾಯ್ದುಕೊಂಡು ಬಂದ ತಂಗೆವ್ವನಿಗೆ ಇಷ್ಟು ಸಣ್ಣ ಮಾತು ಹೊಳೆದೇ ಇರಲಿಲ್ಲ.

"ಮತ್ತ... ನಂದು ಹೋಗೇತಂತ ಗೊತ್ತಿದ್ದೂ ಯಾಕ ಬರಲಿಲ್ಲ?" ತಂಗೆವ್ವ ಕೇಳಿದಳು.

"ಆ ಬಾಗಲಿಗೆ ಬರಬ್ಯಾಡ ಅಂದಾಕಿ ನೀನ ಅಲ್ಲೇನು?"

"ಬಾಗಲಾ ಎಲ್ಲೈತಿ ರಾಚವ್ವಾ... ಹೊಳಿ ಒಯ್ತು."

ರಾಚವ್ವ ಒಳಗೆ ಹೋಗಿ ಒಂದು ಸಣ್ಣ ಕುಡಿಕೆ ತಂದಳು. ಹೆಪ್ಪನ್ನು ಕೈಯಿಂದ ಕೈಗೆ ಕೊಡಬಾರದೆಂಬುದು ಆ ಕಡೆಯ ರೂಢಿ. ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು.

"ನಿಮ್ಮತ್ತೀದ. ತಗೋ."

ತಂಗೆವ್ವ ಬಗ್ಗಿ ಎತ್ತಿಕೊಂಡಳು. ಹೊಳೆ ಬಂದ ದಿನವೂ ಅಳದವಳು ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಅತ್ತಳು.

ಅಂದು ಸಂಜೆ ಹಾಲಿಗೆ ಹೆಪ್ಪು ಹಾಕಿ, ಎಲ್ಲಮ್ಮನ ಪಟ ತಿರುಗಿಸಿ ದೀಪ ಹಚ್ಚಿದಳು. "ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ... ದೀಪ ರಾಚವ್ವನ ಸಲುವಾಗಿ."

ಸೋಮವಾರ. ಖಾನಾವಳಿ ಸಂತೆಯ ಜನರಿಂದ ತುಂಬಿತ್ತು. ಈರಪ್ಪಯ್ಯ ಗಡಿಗೆ ಬೋರಲು ಹಿಡಿದ. ಮೊಸರು ಅಲುಗಲಿಲ್ಲ!

"ಭಲೇ ತಂಗೆವ್ವಾ! ಇದು ಮಸರಂದ್ರ! ಈ ಸಲ ಹೆಪ್ಪು ಜ್ವಾಕಿಲೆ ಕಾಯ್ಕೋ... ಆ ಹೆಪ್ಪುಗಳ್ಳಿ ಹೊರಗ ಬಸ್ಸಿಗೆ ನಿಂತಾಳ ನೋಡ!"

ಊಟಕ್ಕೆ ಕುಳಿತವರು ನಕ್ಕರು.

ತಂಗೆವ್ವ ನಗಲಿಲ್ಲ. ಬಾಗಿಲಾಚೆ ಬುಟ್ಟಿ ಹೊತ್ತು ನಿಂತವಳಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು...

"ಆಕಿ ಹೆಸರು ರಾಚವ್ವ. ಆಕಿ ಏನೂ ಕದ್ದಿಲ್ಲ, ಸುಳ್ಳ ಹೇಳಿದಾಕಿ ನಾನು. ಈ ಹೆಪ್ಪು ಆಕೀ ಮನೀದು... ನಾ ಇಸಗೊಂಡ ಬಂದೀನಿ."

*

ಕಸಿದುಕೊಂಡದ್ದು ಒಬ್ಬರ ಹೆಸರಾಗಿದ್ದರೆ, ಅದನ್ನೂ ಹಿಂದಿರುಗಿಸಬೇಕು... ಕಸಿದಷ್ಟೇ ಜನರ ಮುಂದೆ.

ನಾವು ಸಿಟ್ಟಿನಲ್ಲಿ ಇಟ್ಟ ಹೆಸರನ್ನು ಇವತ್ತಿಗೂ ಹೊತ್ತು ತಿರುಗುತ್ತಿರುವವರು ಯಾರಾದರೂ ಇದ್ದಾರಾ...?