ಪರದೆ ಕೊಡವಿದ ಶನಿವಾರ

ರಂಪ ಮಾಡುವ ಮಕ್ಕಳನ್ನು ಶಾಲೆಯಲ್ಲಿ ಕೂಡಿಹಾಕುವ ಶಾಂತಿಕೋಣೆಯ ಪರದೆಗಳು ವಾರವಿಡೀ ಸದ್ದು ಕುಡಿದು ಭಾರವಾಗಿದ್ದವು. ಶನಿವಾರಕ್ಕೊಮ್ಮೆ ಕೊಡವದಿದ್ದರೆ ಒಳಗಿನ ಕೂಗು ಪಕ್ಕದ ತರಗತಿಗೆ ಸೋರುತ್ತದೆ. ಇವತ್ತು ಟೀಚರ್ ಕುಸುಮಾ ಮತ್ತು ಆಯಾ ಸಣ್ಣಮ್ಮನ ಸರದಿ. ಮೈದಾನದಲ್ಲಿ ಇಬ್ಬರೂ ತುದಿ ಹಿಡಿದು, ಚಾಪೆ ಕೊಡವಿದಂತೆ ಕೊಡವಿದರು. ಮಕ್ಕಳ ಕಿರುಚಾಟವೆಲ್ಲ ದೂಳಿನ ಹಾಗೆ ಎದ್ದು, ಹುಣಸೆಮರದ ಕಾಗೆಗಳನ್ನು ಓಡಿಸಿತು.

"ಈ ವಾರ ಚಿನ್ಮಯೀದೇ ಜಾಸ್ತಿ ಕಣ್ ಮಿಸ್ಸೇ," ಎಂದಳು ಸಣ್ಣಮ್ಮ.

ಬೆಲ್ ಹೊಡೆದರೆ ಸಾಕು, ಆ ಹುಡುಗಿ ಕಿವಿ ಮುಚ್ಚಿಕೊಂಡು ಬೆಂಚು ಒದೆಯುತ್ತಿದ್ದಳು. ಕುಸುಮಾ ಅವಳನ್ನು ಶಾಂತಿಕೋಣೆಗೆ ಬಿಟ್ಟು, ಚಿಲಕ ಹಾಕಿ ಪಾಠಕ್ಕೆ ಮರಳುತ್ತಿದ್ದಳು. ನಿಯಮವೇ ಹಾಗಿತ್ತು.

ಕೊನೆಯ ಪರದೆಯಿಂದ ಕಿರುಚಾಟ ಬರಲಿಲ್ಲ. ಚಿನ್ಮಯಿಯ ಪುಟ್ಟ ದನಿ ಬಂತು, ರಾಗ ಮಾತ್ರ ಕುಸುಮಾಳದೇ: "ಈಗ ಬಂದೆ ಕಂದಾ. ಈಗ ಬಂದೆ. ಈಗ ಬಂದೆ."

ಚಿಲಕ ಹಾಕುವಾಗ ಕುಸುಮಾ ದಿನವೂ ಹೇಳುತ್ತಿದ್ದ ಮಾತು ಅದು. ಹೇಳಿದವಳು ಒಂದು ದಿನವೂ ಪಾಠ ಮುಗಿಯುವ ಮುಂಚೆ ಹೋದದ್ದಿಲ್ಲ.

ಅಷ್ಟರಲ್ಲಿ ಬೆಲ್ ಹೊಡೆಯಿತು. ತರಗತಿಯಲ್ಲಿ ಬೆಂಚೊಂದು ಉರುಳಿತು. ವರಾಂಡದಿಂದ ಹೆಡ್‌ಮಾಸ್ಟರು ಕೂಗಿದರು: "ಮೇಡಂ, ಶುರುವಾಯ್ತು! ಬೇಗ ಪರದೆ ಕಟ್ಸಿ!"

ಕುಸುಮಾ ಪರದೆಯನ್ನು ಅಲ್ಲೇ ಬಿಸಾಕಿ ಓಡಿದಳು. ಉಳಿದ ಮಕ್ಕಳನ್ನು ಸಣ್ಣಮ್ಮನ ಜೊತೆ ಮೈದಾನಕ್ಕೆ ಕಳಿಸಿ, ಬೆಂಚಿನಡಿ ಮುದುಡಿಕೊಂಡಿದ್ದ ಚಿನ್ಮಯಿಯ ಪಕ್ಕ, ಅವಳನ್ನು ಮುಟ್ಟದೆ, ನೆಲದ ಮೇಲೇ ಮಲಗಿದಳು.

"ಮೇಡಂ, ಇದೇನಿದು? ಆಫೀಸಿಗೆ ಬನ್ನಿ!" ಬಾಗಿಲಲ್ಲಿ ಹೆಡ್‌ಮಾಸ್ಟರು ಗುಡುಗಿದರು.

"ಈಗ ಬಂದೆ ಸಾರ್," ಎಂದವಳು ಬೆಂಚಿನಡಿಗೆ ಇನ್ನಷ್ಟು ಸರಿದಳು.